ಸಂಬಳದಲ್ಲಿ ಹಿಡಿದ ಹಣ ಎಲ್ಲಿಗೆ ಹೋಗುತ್ತದೆ?



ಹೊಸದಾಗಿ ಕೆಲಸಕ್ಕೆ ಸೇರಿದ ಮಕ್ಕಳು ನನ್ನನ್ನು ಕೇಳುವುದು ಒಂದೇ ಪ್ರಶ್ನೆ: ‘ಸಂಬಳ 25,000 ಅಂದರು, ಕೈಗೆ 23,000 ಬಂತು. ಉಳಿದದ್ದೇನಾಯಿತು?’

ಮೂಲವೇತನ 15,000 ಎಂದಿಟ್ಟುಕೊಳ್ಳಿ. ಅದರ ಶೇ. 12, ಅಂದರೆ 1,800 ರೂಪಾಯಿ ಭವಿಷ್ಯನಿಧಿಗೆ ಹೋಗುತ್ತದೆ. ಅದು ತೆರಿಗೆಯಲ್ಲ, ನಿಮ್ಮದೇ ಉಳಿತಾಯ. ಮಾಲೀಕರೂ ಅಷ್ಟೇ ಹಾಕಬೇಕು; ಅದರಲ್ಲಿ 1,250 ಪಿಂಚಣಿಗೆ ಸೇರುತ್ತದೆ. ಇನ್ನುಳಿದ 200 ನಮ್ಮ ರಾಜ್ಯದ ವೃತ್ತಿ ತೆರಿಗೆ.

ಆದಾಯ ತೆರಿಗೆ? 2025-26ರ ಹೊಸ ಪದ್ಧತಿಯಲ್ಲಿ ವರ್ಷಕ್ಕೆ 12.75 ಲಕ್ಷದವರೆಗಿನ ಸಂಬಳಕ್ಕೆ ಅದಿಲ್ಲ. ಮೇಲ್ಪಟ್ಟವರಿಗೆ ತಿಂಗಳು ತಿಂಗಳು ಟಿಡಿಎಸ್ ಹಿಡಿಯುತ್ತಾರೆ. ಹೆಚ್ಚು ಹಿಡಿದಿದ್ದರೆ ರಿಟರ್ನ್ಸ್ ಸಲ್ಲಿಸಿ ಮರಳಿ ಪಡೆಯಬಹುದು.

ಕೆಲಸ ಬದಲಿಸಿದಾಗಲೆಲ್ಲ ಪಿಎಫ್ ಬಿಡಿಸಿಕೊಳ್ಳಬೇಡಿ, ವರ್ಗಾಯಿಸಿ. ಪಿಂಚಣಿಗೆ 10 ವರ್ಷದ ಸೇವೆ ಬೇಕು. ನಡುವೆ ಪಿಂಚಣಿ ಹಣ ಬಿಡಿಸಿದರೆ ಎಣಿಕೆ ಮತ್ತೆ ಮೊದಲಿನಿಂದ.

ಇಲಾಖೆಯಲ್ಲಿ ಅಳತೆ ಪುಸ್ತಕ ನೋಡದೆ ನಾನು ಬಿಲ್ಲಿಗೆ ರುಜು ಹಾಕಿದವನಲ್ಲ. ನೀವೂ ಅಷ್ಟೇ: ಹಿಡಿದ ಹಣ ಜಮೆಯಾಯಿತೇ ಎಂದು ಪಿಎಫ್ ಪಾಸ್‌ಬುಕ್ಕಿನಲ್ಲಿ ನೋಡಿ. ಆಗಿರದಿದ್ದರೆ ಕೇಳಿ. ಕಾಯಕ ಮಾಡಿದವರು ಅದರ ಲೆಕ್ಕ ಕೇಳಲು ಸಂಕೋಚಪಡಬಾರದು.