ಹಿತ್ತಲಿನಲ್ಲಿ ಹೆಚ್ಚಾದ ಹುಂಜಗಳು



ತನ್ನ ಹುಂಜ ಕೂಗದಿದ್ದರೆ ಊರಿಗೆ ಬೆಳಗೇ ಆಗದೆಂದು ನಂಬಿದ್ದ ಅಜ್ಜಿಯ ಕಥೆಯನ್ನು ನೀವೆಲ್ಲ ಕೇಳಿದ್ದೀರಿ. ಆ ಅಜ್ಜಿಯ ಬಳಿ ಇದ್ದುದು ಒಂದೇ ಹುಂಜ. ಹಿತ್ತಲಿನಲ್ಲಿ ಐದಾರು ಹುಂಜಗಳು ಒಟ್ಟಿಗೆ ಬೆಳೆದು ನಿಂತರೆ ಏನು ಮಾಡಬೇಕು? ಇಂದು ಅದನ್ನು ಮಾತನಾಡೋಣ.

ನಾನು ಪಿಯುಸಿ ಓದುತ್ತಿದ್ದಾಗ ಹನ್ನೆರಡು ಮೊಟ್ಟೆಗಳನ್ನು ಕಾವಿಗೆ ಇಟ್ಟೆ. 21ನೆಯ ದಿನ ಒಂಬತ್ತು ಮರಿಗಳು ಹೊರಬಂದವು. ಮನೆಯವರೆಲ್ಲ ಮುಂದೆ ಸಿಗುವ ಮೊಟ್ಟೆಗಳ ಲೆಕ್ಕ ಹಾಕಿದರು. ಮೂರು ತಿಂಗಳಾಗುವಷ್ಟರಲ್ಲಿ ಆರು ಮರಿಗಳು ಹುಂಜಗಳೆಂದು ತಿಳಿಯಿತು. ಸಾಕಿದ ಕೈಯಿಂದ ಒಂದನ್ನೂ ಕೊಡಲು ನನಗೆ ಮನಸ್ಸು ಬರಲಿಲ್ಲ. ಆರನೆಯ ತಿಂಗಳಿನಲ್ಲಿ ಆರೂ ಸೇರಿ ಮನೆಯ ಹಳೆಯ ನಾಲ್ಕು ಹೇಂಟೆಗಳನ್ನು ಅಟ್ಟಾಡಿಸತೊಡಗಿದವು. ಹೇಂಟೆಗಳ ಬೆನ್ನಿನ ಪುಕ್ಕ ಉದುರಿ ಚರ್ಮ ಕಾಣಿಸಿತು. ನನ್ನ ಮೆಚ್ಚಿನ ಕರಿ ಹೇಂಟೆ ಕಾಳು ಚೆಲ್ಲಿದರೂ ಕೆಳಗಿಳಿಯದೆ ಸೌದೆ ರಾಶಿಯ ಮೇಲೆಯೇ ಕೂತಿರುತ್ತಿತ್ತು. ಒಂದು ಬೆಳಿಗ್ಗೆ ಅದು ಪಕ್ಕೆ ಹರಿದು ಸತ್ತು ಬಿದ್ದಿತ್ತು. ನಾಯಿಯನ್ನು ದೂರುವಂತಿರಲಿಲ್ಲ. ನನ್ನ ಕನಿಕರವೇ ಅದನ್ನು ಕೊಂದಿತ್ತು.

ಆರು ಹುಂಜಗಳು ಹುಟ್ಟಿದ್ದು ದುರದೃಷ್ಟವೇನಲ್ಲ. ಮರಿಗಳಲ್ಲಿ ಸುಮಾರು ಅರ್ಧದಷ್ಟು ಗಂಡು. ಒಂದು ಕಾವಿನಲ್ಲಿ ಎರಡು ಮೂರು ಹೆಚ್ಚು ಕಡಿಮೆಯಾಗಬಹುದು. ಮನುಷ್ಯರಲ್ಲಿ ಮಗುವಿನ ಲಿಂಗ ತಂದೆಯ ವರ್ಣತಂತುವಿನಿಂದ ನಿರ್ಧಾರವಾಗುತ್ತದೆಂದು ನೀವು ಓದಿದ್ದೀರಿ. ಕೋಳಿಗಳಲ್ಲಿ ಇದು ತಿರುಗುಮುರುಗು. ಹುಂಜದಲ್ಲಿ ಎರಡು ಝಡ್ ವರ್ಣತಂತುಗಳು, ಹೇಂಟೆಯಲ್ಲಿ ಒಂದು ಝಡ್, ಒಂದು ಡಬ್ಲ್ಯು. ಆದ್ದರಿಂದ ಹುಂಜವನ್ನು ಬದಲಿಸಿದರೆ ಹೆಣ್ಣು ಮರಿಗಳು ಹೆಚ್ಚುತ್ತವೆ ಎಂಬುದಾಗಲಿ, ಉದ್ದನೆಯ ಮೊಟ್ಟೆಯಲ್ಲಿ ಹುಂಜವೇ ಇರುತ್ತದೆ ಎಂಬುದಾಗಲಿ ನೆಚ್ಚುವ ಮಾತಲ್ಲ.

ಎಂಟು ಹತ್ತು ಹೇಂಟೆಗಳಿಗೆ ಒಂದು ಹುಂಜ ಸಾಕು. ತಿನ್ನುವ ಮೊಟ್ಟೆಯಷ್ಟೇ ಬೇಕಾದರೆ ಒಂದೂ ಬೇಕಿಲ್ಲ. ಹುಂಜವಿಲ್ಲದೆಯೂ ಹೇಂಟೆ ಮೊಟ್ಟೆ ಇಡುತ್ತದೆ, ಆದರೆ ಅದರಿಂದ ಮರಿಯಾಗದು. ಇನ್ನು ಖರ್ಚು. ಬೆಳೆದ ಹುಂಜಕ್ಕೆ ದಿನಕ್ಕೆ ಸುಮಾರು 100 ಗ್ರಾಂ ಆಹಾರ ಬೇಕು. ಹಿತ್ತಲಿನ ಹುಳುಹುಪ್ಪಟೆ ಸಾಲದಿದ್ದಲ್ಲಿ, ನಾಲ್ಕು ಹೆಚ್ಚುವರಿ ಹುಂಜಗಳಿಗೆ ತಿಂಗಳಿಗೆ 12 ಕಿಲೋ ನುಚ್ಚು ತೌಡು ಎಂದಾಯಿತು.

ಹೀಗಾಗಿ ಮೊಟ್ಟೆಯನ್ನು ಕಾವಿಗೆ ಇಡುವ ಮೊದಲೇ, ಹುಟ್ಟಲಿರುವ ಹುಂಜಗಳಿಗೆ ದಾರಿ ಯಾವುದೆಂದು ಯೋಚಿಸಬೇಕು. ನಮ್ಮ ಹಳೆ ಮೈಸೂರಿನ ಹೆಂಗಸರಿಗೆ ಈ ಲೆಕ್ಕ ಚೆನ್ನಾಗಿ ಗೊತ್ತು. ದಸರೆಯ ಹೊತ್ತಿಗೆ ಕೋಳಿಯನ್ನು ಕಾವಿಗೆ ಕೂರಿಸಿದರೆ, ಯುಗಾದಿಯ ಮರುದಿನದ ಹೊಸತೊಡಕಿಗೆ ನಾಟಿ ಹುಂಜ ಸಿದ್ಧ, ಸಂತೆಯಲ್ಲಿ ಒಳ್ಳೆಯ ಬೆಲೆಯೂ ಉಂಟು. ಮೊಟ್ಟೆಗೆಂದೇ ರೂಪಿಸಿದ ತಳಿಗಳ ಗಂಡು ಮರಿಗಳಿಗೆ ಈ ಭಾಗ್ಯವಿಲ್ಲ. ಅವು ಬೇಗ ಮಾಂಸ ತುಂಬಿಕೊಳ್ಳುವುದಿಲ್ಲವೆಂದು ದೊಡ್ಡ ಮರಿಕೇಂದ್ರಗಳಲ್ಲಿ ಹುಟ್ಟಿದ ದಿನವೇ ಕೊಲ್ಲುವ ಪದ್ಧತಿ ಬೆಳೆಯಿತು. ಜರ್ಮನಿ ಇದನ್ನು 2022ರ ಜನವರಿಯಿಂದ ನಿಷೇಧಿಸಿದೆ.

ಆರರಿಂದ ಎಂಟು ವಾರಗಳಲ್ಲಿ ಗಂಡು ಮರಿಯ ಜುಟ್ಟು ದೊಡ್ಡದಾಗಿ ಕೆಂಪೇರುತ್ತದೆ. ಮೂರನೆಯ ತಿಂಗಳ ಹೊತ್ತಿಗೆ ಬಾಲದ ಬುಡದಲ್ಲಿ ಚೂಪಾದ ಗರಿಗಳು ಇಳಿಬೀಳುತ್ತವೆ. ಆಗಲೇ ಅವನ್ನು ಬೇರೆ ಬೇಲಿಯೊಳಗೆ, ಹೇಂಟೆಗಳು ಕಣ್ಣಿಗೆ ಬೀಳದ ಕಡೆ ಹಾಕಿ. ಒಟ್ಟಿಗೆ ಬೆಳೆದ ಹುಂಜಗಳು ಹೇಂಟೆಗಳಿಲ್ಲದ ಕಡೆ ಸಾಮಾನ್ಯವಾಗಿ ಅಷ್ಟಾಗಿ ಕಾದಾಡುವುದಿಲ್ಲ. ಜಾಗ ಮಾತ್ರ ಧಾರಾಳವಾಗಿರಬೇಕು. ಮಾಂಸ ತಿನ್ನುವ ಮನೆಯಾದರೆ ದಾರಿ ಸುಲಭ. ತಿನ್ನದವರು ಬೇರೆ ಊರಿನ ನೆಂಟರೊಡನೆ ಹುಂಜವನ್ನು ಅದಲುಬದಲು ಮಾಡಿಕೊಳ್ಳಬಹುದು. ಎರಡು ವರ್ಷಕ್ಕೊಮ್ಮೆ ಹೀಗೆ ಬದಲಾಯಿಸಿದರೆ ತಂದೆ ಹುಂಜ ತನ್ನ ಮಗಳು ಹೇಂಟೆಯನ್ನೇ ಕೂಡುವುದು ಕಡಿಮೆಯಾಗುತ್ತದೆ, ಎರಡೂ ಮನೆಗಳಿಗೆ ಲಾಭ. ಕೋಳಿ ಅಂಕಕ್ಕೆಂದು ಕೇಳಿಕೊಂಡು ಬರುವವರಿಗೆ ಮಾತ್ರ ಕೊಡಬೇಡಿ. ಪ್ರಾಣಿಗಳನ್ನು ಕಾದಾಡಿಸುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧ. ಇನ್ನು, ಕೊಡುವ ಹುಂಜವನ್ನು ಕತ್ತಲಾದ ಮೇಲೆ ಹಿಡಿಯಿರಿ. ಆಗ ಅದು ಗಾಬರಿಬೀಳುವುದು ಕಡಿಮೆ. ಸೈಕಲ್ಲಿನ ಹ್ಯಾಂಡಲ್ಲಿಗೆ ತಲೆಕೆಳಗಾಗಿ ತೂಗುಹಾಕದೆ ಮಂಕರಿಯಲ್ಲಿ ಒಯ್ಯಿರಿ.

ಯಾವುದನ್ನು ಉಳಿಸಿಕೊಳ್ಳಬೇಕು? ಗುಂಪಿನಲ್ಲಿ ಮೇಲಿನ ಸ್ಥಾನದ ಹುಂಜವೇ ಬೆಳಗಿನಲ್ಲಿ ಮೊದಲು ಕೂಗುತ್ತದೆ, ಉಳಿದವು ತಮ್ಮ ಸರದಿಯಂತೆ ಕೂಗುತ್ತವೆ ಎಂದು ಜಪಾನಿನ ಸಂಶೋಧಕರು 2015ರಲ್ಲಿ ತೋರಿಸಿದರು. ಆದರೆ ಮೊದಲು ಕೂಗುವುದೇ ಉತ್ತಮವೆಂದೇನಿಲ್ಲ. ಕಾಳು ಕಂಡಾಗ ತಾನು ತಿನ್ನದೆ ಹೇಂಟೆಗಳನ್ನು ಕರೆಯುವ, ಮಕ್ಕಳ ಮೇಲೆ ಹಾರದ ಹುಂಜ ಮನೆಗೆ ಒಳ್ಳೆಯದು. ಆ ವರ್ಷ ಐದನ್ನು ಕೊಟ್ಟು ನಾನು ಉಳಿಸಿಕೊಂಡದ್ದು, ಮೂರನೆಯದಾಗಿ ಕೂಗುತ್ತಿದ್ದ ಕೆಂಪು ಹುಂಜವನ್ನು.