ಒಂದು ವರ್ಷದ ಲೆಕ್ಕ



ನಮ್ಮ ಚಳ್ಳಕೆರೆ ಸೀಮೆಯಲ್ಲಿ ಸಿಟ್ಟಿಗೆ ಕಾರಣ ಹುಡುಕಬೇಕಾಗಿಲ್ಲ. ಶೇಂಗಾ ಹೂವಾಡಿ ಊಡು ಇಳಿಯುವ ಹೊತ್ತಿಗೆ ಸರಿಯಾಗಿ ಮಳೆ ಕೈಕೊಡುತ್ತದೆ. ಕಟ್ಟಿದ ಮೋಡ ನೆತ್ತಿಯ ಮೇಲೆಯೇ ಹಾದು ಇನ್ನೆಲ್ಲೋ ಸುರಿಯುತ್ತದೆ. ಮೋಡದ ಮೇಲಿನ ಸಿಟ್ಟನ್ನು ಮೋಡಕ್ಕೆ ತೋರಿಸುವುದು ಹೇಗೆ? ಅದು ಸಂಜೆ ಮನೆಗೆ ಬಂದು ಉಣ್ಣುವ ತಟ್ಟೆಯ ಮೇಲೆ, ಹೆಂಡತಿಯ ಮೇಲೆ, ಓದುತ್ತ ಕೂತ ಮಗುವಿನ ಮೇಲೆ ಇಳಿಯುತ್ತದೆ. ಪಾಪ, ಆ ಮಗು ಮಾಡಿದ ತಪ್ಪೇನು?

ನನ್ನ ಸಿಟ್ಟೂ ಬಹಳ ಕಾಲ ಹೀಗೆಯೇ ದಾರಿತಪ್ಪಿ ಅಲೆದಿದೆ. ಒಮ್ಮೆ ಕಳಿಸಿದ ಬರಹವೆಲ್ಲ ಸಾಲಾಗಿ ವಾಪಸು ಬಂತು. ಓದುವವರಿಗೆ ರುಚಿಯಿಲ್ಲ ಎಂದು ಸಿಕ್ಕವರ ಮುಂದೆಲ್ಲ ಬೈದುಕೊಂಡು ತಿರುಗಿದೆ. ಆಗಲೇ ಮೊಳಕಾಲ್ಮೂರಿನ ಕಡೆ ಹೋಗಿದ್ದು.

ಆ ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಮೂರೂ ಕಡೆ ಅಶೋಕನ ಶಾಸನಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಅವನ್ನು ಬೆಳಕಿಗೆ ತಂದರು. ಇಸಿಲ ಎಂಬ ಊರಿನ ಅಧಿಕಾರಿಗಳಿಗೆ ಕಳಿಸಿದ ಆ ಸಂದೇಶದಲ್ಲಿ ದೊರೆ ತನ್ನ ದಿಗ್ವಿಜಯ ಹೇಳಿಕೊಂಡಿಲ್ಲ. ತಾನು ಉಪಾಸಕನಾಗಿ ಎರಡೂವರೆ ವರ್ಷ ಮೀರಿತು, ಆದರೆ ಒಂದು ವರ್ಷ ಹೆಚ್ಚು ಶ್ರಮಪಡಲಿಲ್ಲ, ಬೌದ್ಧ ಸಂಘಕ್ಕೆ ಹತ್ತಿರವಾದ ಮೇಲೆ ಚೆನ್ನಾಗಿ ಶ್ರಮಿಸಿದೆ ಎಂದು ಲೆಕ್ಕ ಒಪ್ಪಿಸಿದ್ದಾನೆ. ದೊಡ್ಡವರಷ್ಟೇ ಅಲ್ಲ, ಸಣ್ಣವನೂ ಶ್ರಮಪಟ್ಟರೆ ಸ್ವರ್ಗ ಪಡೆಯಬಲ್ಲ ಎನ್ನುತ್ತಾನೆ. ಚಪಡನೆಂಬ ಲಿಪಿಕಾರ ಇದರಲ್ಲಿ ಒಂದನ್ನೂ ಬಿಡದೆ ಬರೆದ. ಯೋಚಿಸಿ, ಅಂಥ ಚಕ್ರವರ್ತಿ ತಾನು ಸುಮ್ಮನೆ ಕಳೆದ ಒಂದು ವರ್ಷವನ್ನು ಬಂಡೆಗೆ ಕೊರೆಸಿದ!

ಮನೆಗೆ ಬಂದು ಕ್ಯಾಲೆಂಡರ್ ತೆಗೆದೆ. ಹಿಂದಿನ ಒಂದು ವರ್ಷದಲ್ಲಿ ನಿಜವಾಗಿ ಕೂತು ಬರೆದ ದಿನಗಳಿಗೆ ಗುರುತು ಹಾಕಿದೆ. 11 ಆಯಿತು. ಮತ್ತೆ ಎಣಿಸಿದೆ, ಅಷ್ಟೇ. ಊರ ಮೇಲಿದ್ದ ಸಿಟ್ಟೆಲ್ಲ ಆ 11ರ ಮೇಲೆ ತಿರುಗಿತು. ಮರುದಿನ ನಸುಕಿಗೇ ಎಬ್ಬಿಸಿದ್ದು ಅದೇ ಸಿಟ್ಟು. ಸಿಟ್ಟು ಹೋಗಬೇಕೆಂದು ನಾನು ಈಗ ಬಯಸುವುದಿಲ್ಲ. ಅದಕ್ಕೊಂದು ಕೆಲಸ ಸಿಗಲಿ ಎಂದು ಬಯಸುತ್ತೇನೆ.

ಮೊಳಕಾಲ್ಮೂರಿನ ರೇಷ್ಮೆ ಸೀರೆ ನೇಯುವ ಹಿರಿಯರೊಬ್ಬರಿಗೆ ಇದು ನನಗಿಂತ ಮೊದಲೇ ಗೊತ್ತಿತ್ತು. ನೂಲಿನ ಬೆಲೆ ಏರಿದ ದಿನ ಅವರ ಮನೆಗೆ ಹೋಗಿದ್ದೆ. ಮುಖ ಕೆಂಪಾಗಿತ್ತು. ಮಗ್ಗದಲ್ಲಿ ಯಾರೂ ಕೂತಿರಲಿಲ್ಲ, ಅವರು ರಾಟೆಯ ಮುಂದೆ ಕೂತು ಕಂಡಿಕೆ ಸುತ್ತುತ್ತಿದ್ದರು.

"ಸಿಟ್ಟಿನ ಕೈಲಿ ಮಗ್ಗಕ್ಕೆ ಕೂತ್ರೆ ಒಂದೆಳೆ ಕಡಿಯೋ ಕಡೆ ಹತ್ತೆಳೆ ಕಡೀತವೆ, ಸ್ವಾಮಿ. ರಾಟೆ ಆದ್ರೆ ತಡ್ಕಂತದೆ" ಎಂದರು.

ನಾನು ಏಳುವ ಹೊತ್ತಿಗೆ ಬುಟ್ಟಿಯಲ್ಲಿ ಏಳೆಂಟು ಕಂಡಿಕೆ ತುಂಬಿದ್ದವು. ಅದರಲ್ಲೊಂದನ್ನು ಲಾಳಿಗೆ ಸೇರಿಸಿ, ಪಂಚೆ ಎತ್ತಿಕಟ್ಟಿ, ಅವರು ಮಗ್ಗದ ಕುಣಿಗೆ ಇಳಿದರು.