ಯುದ್ಧ ಮುಗಿದ ಮೇಲೂ ಉಳಿಯುವ ಧೂಳು

(ಸಂಘದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಗಡಿ, ಭಾಷೆ, ಕನ್ನಡ ಶಾಲೆಗಳ ಅಳಿವು-ಉಳಿವು ಇವುಗಳ ಚರ್ಚೆ ನಡೆಯುವ ಈ ವೇದಿಕೆಯಲ್ಲಿ ಯುರೇನಿಯಂ ಗುಂಡುಗಳ ಮಾತೇಕೆ ಎಂದು ತಮ್ಮಲ್ಲಿ ಕೆಲವರಿಗೆ ಅನ್ನಿಸಿರಬಹುದು. ಈ ನಗರದ ಕನ್ನಡ ರಾತ್ರಿಶಾಲೆಯೊಂದರಲ್ಲಿ ಬಹುಕಾಲ ವಿಜ್ಞಾನ ಕಲಿಸಿದವನು ನಾನು. ಆದರೆ ಈ ವಿಷಯ ನನ್ನ ಬಳಿಗೆ ಬಂದದ್ದು ಪುಸ್ತಕದಿಂದಲ್ಲ, ಮನೆಯ ಬಾಗಿಲಿನಿಂದ.

1990ರ ಆಗಸ್ಟಿನಲ್ಲಿ ಇರಾಕ್ ಕುವೈತನ್ನು ಆಕ್ರಮಿಸಿದ ಮೇಲೆ ಸುಮಾರು 1,70,000 ಭಾರತೀಯರನ್ನು ವಿಮಾನಗಳಲ್ಲಿ ಸ್ವದೇಶಕ್ಕೆ ಕರೆತರಲಾಯಿತು. ಜೋರ್ಡಾನಿನ ಅಮ್ಮಾನ್‌ನಿಂದ ಮುಂಬಯಿಗೆ ಬಂದಿಳಿದವರಲ್ಲಿ ನಮ್ಮ ಕರಾವಳಿಯವರೂ ಇದ್ದರು. ಕುಂದಾಪುರದ ಕಡೆಯವನಾದ ನನ್ನ ಸೋದರಮಾವನ ಮಗ ಅವರಲ್ಲೊಬ್ಬ. ಒಂದು ಕೈಚೀಲ ಹಿಡಿದು ಬಂದವನು ನಮ್ಮ ಚಾಳಿನ ಕೋಣೆಯಲ್ಲಿ ತಿಂಗಳು ಕಾಲ ತಂಗಿದ್ದ. ಯುದ್ಧ ಮುಗಿದ ಬಳಿಕ, ಊರಿನ ಸಾಲ ತೀರಿಸಲು ಬೇರೆ ದಾರಿ ಕಾಣದೆ, ಮತ್ತೆ ಅಲ್ಲಿಗೇ ಹೋದ. ಗುತ್ತಿಗೆದಾರನೊಬ್ಬನ ಲಾರಿ ಚಾಲಕನಾಗಿ, ಸುಟ್ಟು ಕರಕಲಾದ ಟ್ಯಾಂಕುಗಳನ್ನು ಮರುಭೂಮಿಯ ಗುಜರಿ ಅಂಗಳಕ್ಕೆ ಸಾಗಿಸುವುದು ಅವನ ಕೆಲಸವಾಯಿತು. ಆ ಟ್ಯಾಂಕುಗಳೊಳಗಿನ ಕಪ್ಪು ಧೂಳು ಏನೆಂದು ಅವನಿಗೆ ಯಾರೂ ಹೇಳಲಿಲ್ಲ.

ಅದು ಏನಾಗಿದ್ದಿರಬಹುದು? ಪ್ರಕೃತಿಯಲ್ಲಿ ದೊರೆಯುವ ಯುರೇನಿಯಂನಲ್ಲಿ ಅಣುವಿದಳನಕ್ಕೆ ಒದಗುವ ಯುರೇನಿಯಂ-235 ಇರುವುದು ಶೇಕಡಾ 0.7ರಷ್ಟು ಮಾತ್ರ. ಅಣುಸ್ಥಾವರಗಳಿಗಾಗಿ, ಬಾಂಬುಗಳಿಗಾಗಿ ಅದರ ಅಂಶವನ್ನು ಹೆಚ್ಚಿಸುವಾಗ ಹಿಂದೆ ಉಳಿಯುವುದೇ ಕ್ಷೀಣ ಯುರೇನಿಯಂ. ಎಣ್ಣೆ ತೆಗೆದ ಮೇಲೆ ಗಾಣದಲ್ಲಿ ಉಳಿಯುವ ಹಿಂಡಿಯಂತೆ. ಅದರ ವಿಕಿರಣ ಸಹಜ ಯುರೇನಿಯಂಗಿಂತ ಸುಮಾರು ಶೇಕಡಾ 40ರಷ್ಟು ಕಡಿಮೆ. ಆದರೆ ಸಾಂದ್ರತೆ ಸೀಸದ 1.7 ಪಟ್ಟು. ಅದರಿಂದ ಮಾಡಿದ ಶೂಲದಂಥ ಗುಂಡು ಉಕ್ಕಿನ ಕವಚವನ್ನು ಭೇದಿಸುವಾಗ ಮೊಂಡಾಗುವುದಿಲ್ಲ, ಇನ್ನಷ್ಟು ಚೂಪಾಗುತ್ತದೆ. ಜೊತೆಗೆ ಹೊತ್ತಿ ಉರಿಯುತ್ತದೆ. ಅಗ್ಗದ ಉಳಿಕೆ ವಸ್ತುವಿನಲ್ಲಿ ಸೇನೆಗಳು ಕಂಡ ಗುಣ ಇದು. ಉರಿದ ಮೇಲೆ ಉಳಿಯುವುದು ಆಕ್ಸೈಡಿನ ಅತಿ ಸೂಕ್ಷ್ಮ ಧೂಳು. 1991ರ ಯುದ್ಧದಲ್ಲಿ ಇಂಥ ಗುಂಡುಗಳ ರೂಪದಲ್ಲಿ ಸುಮಾರು 300 ಟನ್ ಕ್ಷೀಣ ಯುರೇನಿಯಂ ಬಳಕೆಯಾಯಿತು. ಅನಂತರ ಬೋಸ್ನಿಯಾ, 1999ರಲ್ಲಿ ಕೊಸೊವೊ, 2003ರಲ್ಲಿ ಮತ್ತೆ ಇರಾಕ್, 2015ರಲ್ಲಿ ಸಿರಿಯಾ. 2023ರಲ್ಲಿ ಬ್ರಿಟನ್ ಮತ್ತು ಅಮೆರಿಕ ಇವನ್ನು ಉಕ್ರೇನಿಗೆ ಕೊಡುವುದಾಗಿ ಸಾರಿದವು.

ಅಪಾಯದ ವಿಚಾರದಲ್ಲಿ ಉತ್ಪ್ರೇಕ್ಷೆ ಸಲ್ಲದು. ಈ ಗುಂಡು ಅಣುಬಾಂಬಲ್ಲ. ಇದರ ಮುಖ್ಯ ವಿಕಿರಣವಾದ ಆಲ್ಫಾ ಕಣಗಳು ಚರ್ಮವನ್ನು ದಾಟಲಾರವು. ಅಪಾಯವಿರುವುದು ಧೂಳು ಉಸಿರಿನೊಡನೆ ಶ್ವಾಸಕೋಶಕ್ಕೆ ಇಳಿದಾಗ, ಅನ್ನನೀರಿನೊಡನೆ ಹೊಟ್ಟೆಗೆ ಸೇರಿದಾಗ, ಚೂರುಗಳು ಮೈಯಲ್ಲಿ ಉಳಿದಾಗ. ಯುರೇನಿಯಂ ಒಂದು ಭಾರಲೋಹ. ವಿಕಿರಣದ ಮಾತಿರಲಿ, ಕೇವಲ ರಾಸಾಯನಿಕ ವಿಷವಾಗಿಯೂ ಅದು ಮೂತ್ರಪಿಂಡವನ್ನು ಕೆಡಿಸಬಲ್ಲುದು. ಬ್ರಿಟನ್ನಿನ ರಾಯಲ್ ಸೊಸೈಟಿ 2001 ಮತ್ತು 2002ರ ವರದಿಗಳಲ್ಲಿ ಬಹುಪಾಲು ಸೈನಿಕರಿಗೆ ಅಪಾಯ ತೀರ ಕಡಿಮೆಯೆಂದಿತು. ಆದರೆ ಗುಂಡು ತಗಲಿದ ವಾಹನದೊಳಗಿದ್ದವರು, ಅದನ್ನು ಆಮೇಲೆ ಶುಚಿಗೊಳಿಸುವವರು, ಆ ಮಣ್ಣಿನಲ್ಲಿ ಆಡುವ ಮಕ್ಕಳು ಇವರನ್ನು ಬೇರೆಯಾಗಿಯೇ ಪರಿಗಣಿಸಿತು. 1991ರಲ್ಲಿ ತಮ್ಮವರದೇ ಗುಂಡಿನ ಚೂರು ಮೈಯಲ್ಲಿ ಉಳಿದ ಅಮೆರಿಕದ ಸೈನಿಕರನ್ನು ಬಾಲ್ಟಿಮೋರಿನಲ್ಲಿ 1993ರಿಂದ ಪರೀಕ್ಷಿಸುತ್ತ ಬರಲಾಯಿತು. ದಶಕಗಳ ಬಳಿಕವೂ ಅವರ ಮೂತ್ರದಲ್ಲಿ ಯುರೇನಿಯಂ ಹೆಚ್ಚಾಗಿಯೇ ಕಂಡಿತು. ಗಂಭೀರ ಮೂತ್ರಪಿಂಡ ರೋಗ ಮಾತ್ರ ಕಂಡುಬರಲಿಲ್ಲ.

ಇತ್ತ ಇರಾಕಿನ ಬಸ್ರಾದಲ್ಲಿ ಮಕ್ಕಳ ರಕ್ತದ ಕ್ಯಾನ್ಸರ್ 1993ರಿಂದ 2007ರವರೆಗಿನ ಅವಧಿಯಲ್ಲಿ ಎರಡು ಪಟ್ಟಿಗೂ ಮೀರಿ ಏರಿತೆಂದು 2010ರ ಒಂದು ಅಧ್ಯಯನ ತೋರಿಸಿತು. ಅದಕ್ಕೆ ಈ ಗುಂಡುಗಳೇ ಕಾರಣವೆಂದು ಸಿದ್ಧವಾಗಿಲ್ಲ. ಉರಿದ ತೈಲಬಾವಿಗಳ ಹೊಗೆ, ಆರ್ಥಿಕ ದಿಗ್ಬಂಧನ, ಕುಸಿದ ಆಸ್ಪತ್ರೆಗಳು ಎಲ್ಲವೂ ಅಲ್ಲಿ ಹೆಣೆದುಕೊಂಡಿವೆ. ಆದರೆ ಸಿದ್ಧಪಡಿಸಲು ಬೇಕಾದ ಮಾಹಿತಿ ಯಾರ ಕೈಯಲ್ಲಿತ್ತು? ಎಲ್ಲಿ, ಎಷ್ಟು ಗುಂಡು ಬಿತ್ತೆಂಬುದು ಹಾರಿಸಿದವನಿಗೆ ಗೊತ್ತು. ಹಾನಿಯನ್ನು ರುಜುವಾತುಪಡಿಸುವ ಹೊರೆ ಮಾತ್ರ ಅಲ್ಲಿ ಬದುಕುವವನ ಹೆಗಲ ಮೇಲೆ. ನನ್ನ ತಕರಾರು ಇರುವುದು ಇಲ್ಲಿ.

ಮಾಹಿತಿ ಕೊಟ್ಟರೆ ಏನಾಗುತ್ತದೆಂಬುದಕ್ಕೆ ಕೊಸೊವೊ ನಿದರ್ಶನ. 2000ದಲ್ಲಿ ನ್ಯಾಟೋ ಕೂಟ 112 ಸ್ಥಳಗಳ ವಿವರ ಒಪ್ಪಿಸಿತು. ವಿಶ್ವಸಂಸ್ಥೆಯ ಪರಿಸರ ತಜ್ಞರು ಅವುಗಳಲ್ಲಿ 11ನ್ನು ಪರೀಕ್ಷಿಸಿ, ವ್ಯಾಪಕ ಮಾಲಿನ್ಯವಿಲ್ಲವೆಂದರು; ಸ್ಥಳಗಳನ್ನು ಗುರುತಿಸಿ, ಶುಚಿಗೊಳಿಸಿ, ನೀರನ್ನು ಪರೀಕ್ಷಿಸುತ್ತಿರಿ ಎಂದೂ ಸಲಹೆಯಿತ್ತರು. ಸತ್ಯವನ್ನು ಹೇಳಿದರೆ ಭಯವೂ ಕಡಿಮೆಯಾಗುತ್ತದೆ. ಮುಚ್ಚಿಟ್ಟಲ್ಲಿ ವದಂತಿ ಬೆಳೆಯುತ್ತದೆ.

ಇನ್ನು ಕುವೈತಿನ ಮಾತು. ಅಲ್ಲಿನ ದೋಹಾ ಶಿಬಿರದಲ್ಲಿ, 1991ರ ಜುಲೈನಲ್ಲಿ, ಅಮೆರಿಕದ ಮದ್ದುಗುಂಡುಗಳಿಗೆ ಬೆಂಕಿ ತಗುಲಿತ್ತು. ಅಂತಾರಾಷ್ಟ್ರೀಯ ಅಣುಶಕ್ತಿ ಸಂಸ್ಥೆ 2003ರ ವರದಿಯಲ್ಲಿ ಕುವೈತಿನ ಜನತೆಗೆ ವಿಕಿರಣದ ಅಪಾಯವಿಲ್ಲವೆಂದಿತು. ಆದರೂ 2008ರಲ್ಲಿ ಯುರೇನಿಯಂ ಬೆರೆತ ಸುಮಾರು 6,700 ಟನ್ ಮರಳನ್ನು ಕುವೈತಿನಿಂದ ಹಡಗೇರಿಸಿ, ಸಾಗರ ದಾಟಿಸಿ, ಅಮೆರಿಕದ ಐಡಹೊ ರಾಜ್ಯಕ್ಕೆ ಒಯ್ದು ಹೂಳಲಾಯಿತು. ಹಾಗೆ ಮಾಡಿದ್ದು ಸರಿಯೇ. ಆದರೆ ಮರಳಿಗೆ ತೋರಿದ ಈ ಎಚ್ಚರಿಕೆಯನ್ನು ಹದಿನೇಳು ವರ್ಷ ಮೊದಲು ಮನುಷ್ಯರಿಗೂ ತೋರಬಹುದಿತ್ತು.

ಬಳಸಿದ ಸ್ಥಳ ಮತ್ತು ಪ್ರಮಾಣವನ್ನು, ಬಾಧಿತ ದೇಶ ಕೇಳಿದಾಗ ತಿಳಿಸಬೇಕೆಂದು ವಿಶ್ವಸಂಸ್ಥೆಯ ಮಹಾಸಭೆ 2010ರಲ್ಲಿ ನಿರ್ಣಯಿಸಿತು. ಪರವಾಗಿ 148 ಮತ. ವಿರೋಧವಾಗಿ ನಾಲ್ಕೇ: ಅಮೆರಿಕ, ಬ್ರಿಟನ್, ಫ್ರಾನ್ಸ್, ಇಸ್ರೇಲ್. ಬೆಲ್ಜಿಯಂ 2007ರಲ್ಲೇ ಇವನ್ನು ನಿಷೇಧಿಸುವ ಕಾನೂನು ಮಾಡಿತ್ತು. ಮಿಕ್ಕ ದೇಶಗಳೂ ಆ ಹಾದಿ ಹಿಡಿಯಬೇಕೆಂಬುದು ನನ್ನ ನಿಲುವು. ಅಲ್ಲಿಯವರೆಗೆ, ಹಾರಿಸಿದವರು ಲೆಕ್ಕ ಕೊಡಲಿ ಎಂಬುದಾದರೂ ನಮ್ಮ ಕನಿಷ್ಠ ಆಗ್ರಹವಾಗಿರಬೇಕು.

ನನ್ನ ಆ ಬಂಧು ಕೆಲವು ವರ್ಷಗಳ ಹಿಂದೆ ಮೂತ್ರಪಿಂಡದ ಕಾಯಿಲೆಯಿಂದ ತೀರಿಕೊಂಡ. ಅವನಿಗೆ ಸಕ್ಕರೆ ಕಾಯಿಲೆಯೂ ಇತ್ತು. ಆ ಧೂಳೇ ಅವನನ್ನು ಕೊಂದಿತೆಂದು ನಾನು ಹೇಳಲಾರೆ. ವಿಜ್ಞಾನ ಕಲಿಸಿದವನು ಹಾಗೆ ಹೇಳಬಾರದು. ಕೊನೆಯ ದಿನಗಳಲ್ಲಿ ಅವನು ಕೇಳಿದ ಒಂದು ಮಾತು ಮಾತ್ರ ನನ್ನಲ್ಲಿ ಉಳಿದಿದೆ: "ಭಾವ, ಆಗ ಯಾರಾದರೂ ಒಂದು ಮಾತು ಹೇಳಿದ್ದರೆ ಮೂಗಿಗೆ ಬಟ್ಟೆಯನ್ನಾದರೂ ಕಟ್ಟಿಕೊಳ್ಳುತ್ತಿದ್ದೆನಲ್ಲ?"

ಹೊಟ್ಟೆಪಾಡಿಗಾಗಿ ಊರು ಬಿಟ್ಟ ನಾವೆಲ್ಲರೂ ಅವನಂತೆಯೇ, ಪರರು ತೋರಿಸಿದ ಕೆಲಸವನ್ನು ನಂಬಿ ಮಾಡಿದವರು. ಆದ್ದರಿಂದ ಈ ಪ್ರಶ್ನೆ ಕನ್ನಡ ಸಂಘದ ವೇದಿಕೆಗೆ ಹೊರಗಿನದಲ್ಲವೆಂದು ಭಾವಿಸಿದ್ದೇನೆ.